ನೇಗಿಲಿನ ಮುಂದೆ ನಡೆದವಳು

ನಾರಾವಿ
೮ ಜನವರಿ ೨೦೨೬, ಗುರುವಾರ

ನನ್ನ ಪುಳ್ಳಿ ತ್ರಿಶಾಳಿಗೆ, ದೂರದಿಂದಲೇ ತಲೆ ನೇವರಿಸುತ್ತಾ ಅಜ್ಜಿ ಅನಂತಮತಿಯ ಆಶೀರ್ವಾದ.

ಮೊನ್ನೆ ಫೋನಿನಲ್ಲಿ ನೀನು, ‘ಅಜ್ಜಿ, ಅಜ್ಜನನ್ನು ಮದುವೆಯಾಗಿ ನೀವು ಸುಖವಾಗಿದ್ದೀರಾ?’ ಎಂದು ಕೇಳಿದೆ. ನಾನು, ‘ಈ ಸಲ ಅಲಸಂಡೆ ಚೆನ್ನಾಗಿ ಬಂದಿದೆ, ಕಳಿಸಿಕೊಡ್ತೇನೆ’ ಎಂದೆ. ಅಜ್ಜಿಗೆ ಅರಳುಮರಳು ಶುರುವಾಯಿತು ಎಂದುಕೊಂಡಿರಬೇಕು ನೀನು. ಅರಳುಮರಳಲ್ಲ ಮಗಾ. ಈ ಮನೆಯಲ್ಲಿ ನನಗೆ ಫೋನು ಬಂದರೆ ಅದನ್ನು ಸ್ಪೀಕರಿಗೆ ಹಾಕಿಯೇ ಕೊಡುತ್ತಾರೆ. ನಿನ್ನ ದೊಡ್ಡಪ್ಪ, ದೊಡ್ಡಮ್ಮ, ಮಕ್ಕಳು, ಸಾಲದ್ದಕ್ಕೆ ಕರೆಂಟಿನ ಬಿಲ್ಲು ಕೊಡಲು ಬಂದಿದ್ದವನು, ಎಲ್ಲರೂ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದರು. ನಿನ್ನ ಅಜ್ಜ ಎದುರಿನ ಕುರ್ಚಿಯಲ್ಲೇ ಇದ್ದರು. ಅಲ್ಲಿ ಏನು ಹೇಳಲಿ? ಅದಕ್ಕೇ ಕನ್ನಡಕ ಹಾಕಿಕೊಂಡು ಕಾಗದ ಹಿಡಿದಿದ್ದೇನೆ.

ನೆರಿಯದ ಸಮ್ಮೇದನ ಮನೆಯವರಿಗೆ ಭಾನುವಾರ ಉತ್ತರ ಹೇಳಬೇಕು ಎಂಬುದು ನನಗೂ ಗೊತ್ತು. ನಿನಗೆ ಹುಡುಗ ಹಿಡಿಸಿದ್ದಾನೆ, ಅವನ ಗದ್ದೆ ಹೆದರಿಸಿದೆ. ನಿನ್ನ ಅಪ್ಪ ಶೋಧನ್‌ಗೆ ಎರಡೂ ಹಿಡಿಸಿಲ್ಲ. ‘ಆನೆ ತಿರುಗಾಡುವ ಊರಿಗೆ, ಅದೂ ಕೃಷಿಯವನಿಗೆ ಮಗಳನ್ನು ಕೊಡುವುದಾ?’ ಎಂದು ನನ್ನ ಹತ್ತಿರವೇ ಹೇಳಿದ. ಕೃಷಿಯವನ ಮಗನಾಗಿ ಹುಟ್ಟಿ, ಆ ಅನ್ನ ಉಂಡು ದೊಡ್ಡವನಾಗಿ, ಈಗ ಮೂಡುಬಿದಿರೆಯಲ್ಲಿ ಪೇಂಟಿನ ಅಂಗಡಿಯಲ್ಲಿ ಕೂತು ಆಡುವ ಮಾತು ನೋಡು. ಏರಿದ ಏಣಿಯನ್ನೇ ಒದೆಯುವುದು ಎಂದರೆ ಇದು. ಇರಲಿ, ಮಗಳ ಮೇಲಿನ ಹೆದರಿಕೆ ಅವನ ಬಾಯಿಂದ ಹಾಗೆ ಮಾತಾಡಿಸುತ್ತದೆ.

ಅವನಿಗೆ ನೀವೊಂದು ಮಾತು ಹೇಳಿ ಎಂದು ನಿನ್ನ ಅಜ್ಜನಿಗೆ ಹೇಳಿದೆ. ‘ಅವನ ಮನೆ, ಅವನ ಮಗಳು. ನಾನು ಬಾಯಿ ಹಾಕುವುದಿಲ್ಲ’ ಎಂದು ಪೇಪರು ಬಿಡಿಸಿದರು. ಮಕ್ಕಳ ಸಂಸಾರಕ್ಕೆ ತಲೆ ಹಾಕುವುದಿಲ್ಲ ಎಂಬುದು ಅವರು ಹಿಡಿದ ವ್ರತ. ಆ ವ್ರತ ಮುರಿದದ್ದನ್ನು ನಾನು ಇದುವರೆಗೆ ಕಂಡಿಲ್ಲ.

ಹಾಗಾಗಿ ನಿನ್ನ ಪ್ರಶ್ನೆಗೆ ನಾನೇ ಉತ್ತರ ಕೊಡುತ್ತೇನೆ. ಆದರೆ ಅದಕ್ಕೆ ನಾನು ಯಾರಿಗೂ ಹೇಳದ ಒಂದು ವಿಷಯ ಹೇಳಬೇಕಾಗುತ್ತದೆ. ನಿನ್ನ ಅಪ್ಪನಿಗೆ ತೋರಿಸಬೇಡ. ಅಜ್ಜನ ಹತ್ತಿರವಂತೂ ಬಾಯಿ ಬಿಡಲೇಬೇಡ.

ನಾನು ಈ ಮನೆಗೆ ಸೊಸೆಯಾಗಿ ಬಂದದ್ದು ಎಪ್ಪತ್ತೈದರಲ್ಲಿ. ನನ್ನನ್ನು ನಿಶ್ಚಯ ಮಾಡುವಾಗ ಈ ಮನೆಗೆ ಕಣ್ಣು ಹಾಯುವಷ್ಟು ಗದ್ದೆ ಇತ್ತು. ಸೇರಕ್ಕಿ ಒದ್ದು ಒಳಗೆ ಬರುವಷ್ಟರಲ್ಲಿ ಅದು ಇಲ್ಲವಾಗಿತ್ತು. ಉಳುವವನೇ ಒಡೆಯ ಎಂಬ ಕಾನೂನು ಬಂದಿತ್ತು, ನಮ್ಮ ಮನೆಯಲ್ಲಿ ಉಳುವವರೇ ಇರಲಿಲ್ಲ. ಬೈಲಿನ ಒಳ್ಳೆಯ ಗದ್ದೆಗಳು ಅದರಲ್ಲಿ ತಲೆತಲಾಂತರದಿಂದ ದುಡಿದ ಒಕ್ಕಲಿನವರಿಗೆ ಹೋದವು. ನ್ಯಾಯವೇ ಎಂದು ನನಗೆ ಆಗಲೂ ಅನ್ನಿಸಿತ್ತು. ಆದರೆ ಸೊಸೆಯ ಬಾಯಿ ಆ ಕಾಲದಲ್ಲಿ ಊಟಕ್ಕೆ ಮಾತ್ರ ತೆರೆಯಬೇಕಿತ್ತು. ನಮಗೆ ಉಳಿದದ್ದು ಮನೆಯ ಮೇಲುಗಡೆಯ ಬೆಟ್ಟುಗದ್ದೆ, ಮಳೆಗಾಲದಲ್ಲಿ ಮಾತ್ರ ಬೆಳೆ ಕೊಡುವ ಜಾಗ. ಯಾರೂ ಆಸೆಪಡದ ಕಾರಣ ಉಳಿದಿತ್ತು.

ನನ್ನ ಮಾವ ಚಾವಡಿಯ ಕಂಬಕ್ಕೆ ಒರಗಿ ಕೂತವರು ಏಳಲೇ ಇಲ್ಲ. ಬಂದುಹೋಗುವವರಿಗೆಲ್ಲ ಹಳೆಯ ವೈಭವವನ್ನು ಹೇಳುವುದು, ನಿಟ್ಟುಸಿರು ಬಿಡುವುದು. ನಿನ್ನ ಅಜ್ಜನಿಗೆ ಆಗ ಇಪ್ಪತ್ತನಾಲ್ಕು. ಕೈ ನೋಡಿದರೆ ನನಗಿಂತ ಮೃದು. ಅಂಥವರು ಒಂದು ಬೆಳಿಗ್ಗೆ ಪಂಚೆ ಎತ್ತಿ ಕಟ್ಟಿ, ಊರಿನವರೆಲ್ಲ ನೋಡುತ್ತಿರುವಾಗಲೇ ಬೈಲಿಗೆ ಇಳಿದು ಅಬ್ದುಲ್ಲನ ಮನೆಗೆ ಹೋದರು. ಅಬ್ದುಲ್ಲ ಎಂದರೆ ನಮ್ಮ ಗದ್ದೆಯನ್ನೇ ಉಳುತ್ತಿದ್ದ ಒಕ್ಕಲಿನವನು, ಈಗ ಅದರ ಒಡೆಯ. ಅವನ ಹೆಂಡತಿ ಹಫ್ಸ ನನಗೆ ಆಮೇಲೆ ಹೇಳಿದ್ದು: ಧಣಿ ಬರುವುದನ್ನು ಕಂಡು, ಗದ್ದೆ ವಾಪಸು ಕೇಳಲಿಕ್ಕೆ ಬಂದರು ಎಂದು ಇಬ್ಬರಿಗೂ ಎದೆ ಹಾರಿತಂತೆ. ಇವರು ಹೋದವರೇ ಜಗಲಿಯಲ್ಲಿ ಕೂತು, ‘ಅಬ್ದುಲ್ಲ, ನನಗೆ ಉಳಲಿಕ್ಕೆ ಕಲಿಸ್ತೀಯಾ?’ ಎಂದರಂತೆ.

‘ಅಯ್ಯೋ, ಬೇಡ ಧಣಿ. ನಿಮ್ಮ ಕೈಗೆ ನೇಗಿಲು ಕೊಟ್ಟರೆ ಊರಿನವರು ನನಗೆ ಏನು ಹೇಳ್ತಾರೆ?’ ಎಂದನಂತೆ ಅವನು. ‘ನಾನೀಗ ಧಣಿ ಅಲ್ಲ ಮಾರಾಯ. ಕಲಿಸ್ತೀಯಾ ಇಲ್ವಾ, ಅಷ್ಟು ಹೇಳು’ ಎಂದರಂತೆ ಇವರು. ಅಬ್ದುಲ್ಲನಿಗೆ ಕಣ್ಣಲ್ಲಿ ನೀರು ಬಂತೆಂದು ಹಫ್ಸ ಹೇಳಿದಳು. ಕೇಳಿದ ನನಗೂ ಬಂತು. ಮದುವೆಯಾಗಿ ಕೆಲವು ತಿಂಗಳಾಗಿದ್ದವಷ್ಟೆ, ಈ ಮನುಷ್ಯ ಯಾರು ಎಂದು ನನಗೆ ಮೊದಲ ಸಲ ಗೊತ್ತಾಯಿತು.

ಅಬ್ದುಲ್ಲ ತನ್ನ ಗದ್ದೆಯಲ್ಲಿ, ತನ್ನ ಎತ್ತುಗಳಿಂದ ಕಲಿಸಿದ. ಇವರು ಕಲಿತರು. ಅಳಿಯ ಉಳುತ್ತಾನಂತೆ ಎಂಬ ಸುದ್ದಿ ಕೇಳಿ ನನ್ನ ಅಪ್ಪ ನಕ್ಕರೋ ಅತ್ತರೋ ತಿಳಿಯದು, ತವರಿನ ಕೊಟ್ಟಿಗೆಯಿಂದ ಬೊಳ್ಳ, ಕಾಳ ಎಂಬ ಜೋಡಿ ಎತ್ತುಗಳನ್ನು ಕಳಿಸಿಕೊಟ್ಟರು. ಕರುಗಳಾಗಿದ್ದಾಗಿನಿಂದ ನಾನೇ ಅಕ್ಕಿ ತೊಳೆದ ಅಕ್ಕಚ್ಚು ಕುಡಿಸಿ ಸಾಕಿದ್ದ ಎತ್ತುಗಳು.

ಇಷ್ಟಾಗುವಾಗ ಮಾವ ಚಾವಡಿಯಿಂದ ಗುಡುಗಿದರು. ‘ಜೈನನಾಗಿ ಹುಟ್ಟಿ ನೇಗಿಲು ಹಿಡಿಯುವುದಾ? ಅದರ ಮೊನೆಗೆ ಎಷ್ಟು ಜೀವ ಸಾಯುತ್ತವೆ, ಗೊತ್ತುಂಟಾ?’ ಎಂದರು. ಅಷ್ಟು ವರ್ಷ ಅಬ್ದುಲ್ಲನ ನೇಗಿಲಿಗೆ ಸಿಕ್ಕಿ ಸತ್ತ ಜೀವಗಳ ಪಾಪ ಯಾರದ್ದು ಎಂದು ಕೇಳಬೇಕೆನಿಸಿತು. ನುಂಗಿಕೊಂಡೆ.

ಮಳೆಗಾಲದ ಏಣಿಲು ಬೆಳೆಗೆ ಬೆಟ್ಟುಗದ್ದೆಯನ್ನು ಮೊದಲ ಸಲ ಉಳುವ ದಿನ ಬಂತು. ಧಣಿ ಉಳುವುದನ್ನು ನೋಡಲು ಗದ್ದೆಯಂಚಿನ ಹುಣಿಯ ಮೇಲೆ ಕಂಬಳಕ್ಕೆ ಸೇರಿದ ಹಾಗೆ ಜನ. ನಾನು ಅಂಗಳದ ತುದಿಯಲ್ಲಿ ನಿಂತಿದ್ದೆ. ಇವರು ನೊಗ ಕಟ್ಟಿದರು, ನೇಗಿಲು ಊರಿದರು, ‘ಹೋ’ ಎಂದರು. ಬೊಳ್ಳ ಅಲುಗಲಿಲ್ಲ. ಕಾಳ ತಿರುಗಿ ಇವರ ಮುಖ ನೋಡಿ ಬಾಲ ಬೀಸಿತು. ಬಾರುಕೋಲು ಎತ್ತಿದರು, ಹೊಡೆಯಲು ಕೈ ಬರಲಿಲ್ಲ, ಇಳಿಸಿದರು. ಯಾರೋ ಕಿಸಕ್ಕನೆ ನಕ್ಕರು. ಇವರ ಕಿವಿ ಕೆಂಪಾದದ್ದು ನನಗೆ ಅಷ್ಟು ದೂರಕ್ಕೂ ಕಂಡಿತು. ಇವತ್ತು ಈ ನೇಗಿಲು ಹೊರಡದಿದ್ದರೆ ಇವರು ಇನ್ನೆಂದೂ ಗದ್ದೆಗೆ ಇಳಿಯುವುದಿಲ್ಲ, ತಂದೆಯ ಪಕ್ಕದಲ್ಲಿ ಇನ್ನೊಂದು ಕಂಬಕ್ಕೆ ಒರಗಿ ಕೂರುತ್ತಾರೆ ಎಂದು ನನಗೆ ಹೊಳೆಯಿತು.

ಎತ್ತುಗಳಿಗೆ ಏನು ಬೇಕೆಂದು ನನಗೆ ಗೊತ್ತಿತ್ತು. ಅವು ಹುಟ್ಟಿದಾಗಿನಿಂದ ನನ್ನ ಹಿಂದೆಯೇ ತಿರುಗಿದವು. ಆದರೆ ಹೆಂಡತಿ ಬಂದು ಕರೆದರೆ ಮಾತ್ರ ಎತ್ತು ನಡೆಯಿತು ಎಂದು ಊರಿನವರು ಕಂಡರೆ ಇವರ ಗತಿ ಏನು? ಕೊಟ್ಟಿಗೆಯ ಬದಿಯಲ್ಲಿ ಒಂದು ಬುಟ್ಟಿ ಇತ್ತು, ಎತ್ತಿಕೊಂಡೆ. ಚಾವಡಿಯಲ್ಲಿ ಕೂತಿದ್ದ ಮಾವನಿಗೆ ಕೇಳುವ ಹಾಗೆ ಗಟ್ಟಿಯಾಗಿ, ‘ನೇಗಿಲಿಗೆ ಸಿಕ್ಕಿ ಜೀವ ಸಾಯುವುದು ಬೇಡ. ನಾನು ಮುಂದೆ ಹೋಗಿ ಕಪ್ಪೆ, ಏಡಿ ಎಲ್ಲ ಹೆಕ್ಕಿ ಬದಿಗೆ ಬಿಡ್ತೇನೆ’ ಎಂದು ಹೇಳಿ ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದೆ. ನೊಗದ ಮುಂದೆ ನಡೆಯತೊಡಗಿದೆ. ಬೊಳ್ಳ, ಕಾಳ ನನ್ನ ಬೆನ್ನಿಗೇ ಹೊರಟವು. ಹಿಂದಿನಿಂದ ನೇಗಿಲು ನೆಲ ಸೀಳುವ ಶಬ್ದ ಬಂತು. ಆ ಶಬ್ದ ಕೇಳಿದಾಗ ಮೈಯೆಲ್ಲ ಜುಮ್ಮೆಂದಿತು, ಈಗ ಬರೆಯುವಾಗಲೂ ಹಾಗೇ ಆಗುತ್ತಿದೆ.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕದ್ದು ನನ್ನನ್ನು ನೋಡಿ, ಇವರನ್ನಲ್ಲ. ನನಗೆ ಬೇಕಾದದ್ದೂ ಅದೇ. ಆವತ್ತಿನಿಂದ ನನಗೆ ‘ಕಪ್ಪೆಯಮ್ಮ’ ಎಂದು ಹೆಸರಾಯಿತು. ಬಸದಿಗೆ ಹೋದರೂ ಹೆಂಗಸರು ಸೆರಗಿನ ಮರೆಯಲ್ಲಿ ನಗುತ್ತಿದ್ದರು. ಮಾವ ಮಾತ್ರ, ‘ಸೊಸೆಗೆ ಧರ್ಮ ಗೊತ್ತುಂಟು’ ಎಂದು ತಣ್ಣಗಾದರು. ಎಷ್ಟು ದೊಡ್ಡ ಸುಳ್ಳಿಗೆ ಎಷ್ಟು ದೊಡ್ಡ ಹೊಗಳಿಕೆ! ಹೆಕ್ಕಲೇ ಇಲ್ಲ ಎಂದಲ್ಲ. ಕೈಗೆ ಸಿಕ್ಕಿದ್ದನ್ನು ಹೆಕ್ಕಿದೆ. ಆದರೆ ನಾನು ನಡೆದದ್ದು ಕಪ್ಪೆಗಾಗಿ ಅಲ್ಲ.

ಇದರಿಂದ ಬಂಗಾರದ ಬೆಳೆ ಬಂತು ಎಂದು ತಿಳಿಯಬೇಡ. ನಾನು ಬದುಕಿಸಿದ ಏಡಿಗಳೇ ಹುಣಿಗೆ ತೂತು ಕೊರೆದು ನೀರೆಲ್ಲ ಬಸಿದು ಹೋಗಿ, ಒಂದು ಮೂಲೆ ಪೂರ್ತಿ ಒಣಗಿತು. ಉಳಿದ ಕಡೆ ಭತ್ತದ ನೇಜಿ ನೆಡಲು ಕಲಿಸಿದ್ದು ಹಫ್ಸ. ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಬಗ್ಗಿ ನೆಟ್ಟು, ಮನೆಗೆ ಬಂದರೆ ಸೊಂಟ ನನ್ನದೇ ಎಂಬುದು ಮರೆತುಹೋಗುತ್ತಿತ್ತು. ನೆಟ್ಟ ನೇಜಿ ಹಳದಿಯಾಗಿ ಕೆಸರಿನಲ್ಲಿ ಮಲಗಿಬಿಟ್ಟಿತು. ಸತ್ತೇ ಹೋಯಿತೆಂದು ನಾನು ಅತ್ತೆ. ‘ಬೇರು ಹಿಡಿಯಲಿಕ್ಕೆ ಅದಕ್ಕೂ ಸಮಯ ಬೇಡವಾ? ನೀವೂ ಈಗಷ್ಟೇ ಬಂದವರಲ್ವಾ ಅಮ್ಮ’ ಎಂದು ಹಫ್ಸ ಚೇಷ್ಟೆ ಮಾಡಿದಳು. ಆಮೇಲೊಂದು ಬೆಳಿಗ್ಗೆ ಬಾಗಿಲು ತೆರೆದು ನೋಡುತ್ತೇನೆ, ಅಷ್ಟೂ ಪೈರು ಎದ್ದು ನಿಂತಿದೆ, ಹಸಿರಾಗಿ, ಒಂದೂ ಬಿಡದೆ. ನಾವು ಮಾಡಿದ್ದಾ ಇದು? ನಮ್ಮ ಕೈಯಿಂದ ಆದದ್ದಾ? ಇವರನ್ನು ಕೂಗಿ ಕರೆದೆ. ಇಬ್ಬರೂ ಹುಣಿಯ ಮೇಲೆ ಹೋಗಿ ನಿಂತೆವು. ಬಸದಿಯಲ್ಲಿ ಸ್ವಾಮಿಯ ಎದುರು ನಿಂತಾಗಲೂ ನನಗೆ ಅಷ್ಟು ಭಕ್ತಿ ಬಂದದ್ದಿಲ್ಲ. ತಪ್ಪಾದರೆ ಸ್ವಾಮಿಯೇ ಕ್ಷಮಿಸಲಿ.

ಈಗ ಬರೆಯುವುದು ಇನ್ನೂ ಗುಟ್ಟಿನದ್ದು. ಒಂದೆರಡು ವರ್ಷದಲ್ಲಿ ಬೊಳ್ಳ, ಕಾಳ ಇವರಿಗೆ ಒಗ್ಗಿಕೊಂಡವು. ನಾನಿಲ್ಲದೆಯೂ ನಡೆಯುತ್ತಿದ್ದವು. ಒಂದು ಸಂಜೆ ಮರೆಯಲ್ಲಿ ನಿಂತು ನಾನೇ ನೋಡಿದೆ. ಆದರೂ ಮರುದಿನ ಬುಟ್ಟಿ ಹಿಡಿದು ಮುಂದೆ ನಡೆದೆ. ಮನೆಗೆ ಟಿಲ್ಲರ್ ಬರುವವರೆಗೂ, ಎತ್ತುಗಳು ಬದಲಾದರೂ, ಬಸಿರು ಬಾಣಂತನ ಬಿಟ್ಟು ಬೇರೆಲ್ಲ ಸಲ ನಡೆದೆ.

ಯಾಕೆಂದರೆ, ಮನೆಯೊಳಗೆ ಅತ್ತೆ ಮಾವ ನಾದಿನಿಯರ ಮಧ್ಯೆ ಗಂಡನ ಹತ್ತಿರ ಹಗಲಲ್ಲಿ ಒಂದು ಮಾತಾಡಲಿಕ್ಕೂ ಇರಲಿಲ್ಲ. ಗದ್ದೆಯಲ್ಲಿ ನಾನು ಮುಂದೆ, ಇವರು ಹಿಂದೆ, ನಡುವೆ ಎರಡು ಎತ್ತು. ಮುಖ ಕಾಣುವುದಿಲ್ಲವಾದ್ದರಿಂದ ನಾಚಿಕೆಯೂ ಇಲ್ಲ. ಜನ ಕಡಿಮೆಯಾಗುತ್ತಲೇ ಇವರು ಹಿಂದಿನಿಂದ ಮಾತು ಶುರು ಮಾಡುತ್ತಿದ್ದರು. ಅವರ ಹೆದರಿಕೆಗಳು, ಆಸೆಗಳು, ಚಿಕ್ಕಂದಿನ ಕಥೆಗಳು, ಎಲ್ಲವನ್ನೂ ನಾನು ಬೆನ್ನಿನಿಂದ ಕೇಳಿದ್ದೇನೆ. ನಾನೂ ಹೇಳಿದ್ದೇನೆ. ನಿನ್ನ ಅಪ್ಪನಿಗೆ ಶೋಧನ್ ಎಂಬ ಹೆಸರು ನಿಶ್ಚಯವಾದದ್ದು ಅಲ್ಲಿ. ನಾವು ದೊಡ್ಡದಾಗಿ ಜಗಳವಾಡಿದ್ದೂ, ರಾಜಿಯಾದದ್ದೂ ಅಲ್ಲಿ. ಎರಡೂ ಆಗುವಷ್ಟರಲ್ಲಿ ಒಂದು ಗದ್ದೆ ಉತ್ತು ಮುಗಿದಿರುತ್ತಿತ್ತು.

ಸುಖವಾ ಎಂದು ಕೇಳಿದೆಯಲ್ಲ. ಕಷ್ಟವಿತ್ತು. ಜಿಗಣೆ ಕಚ್ಚಿದ ಕಲೆ ಕಾಲಲ್ಲಿ ಈಗಲೂ ಉಂಟು. ಒಳ್ಳೆಯ ಸೀರೆ ಉಡಲು ಮನಸ್ಸಾದಾಗ ಉಡಲು ಸೀರೆ ಇರಲಿಲ್ಲ. ಆದರೆ ಆ ಮನುಷ್ಯನ ಬಗ್ಗೆ, ಆ ನೆಲದ ಬಗ್ಗೆ ನನಗೆ ಹುಟ್ಟಿದ ಬೆರಗು ಐವತ್ತು ವರ್ಷವಾದರೂ ಹಳತಾಗಲಿಲ್ಲ. ಸುಖ ಎಂದರೆ ಅದೇ ಆಗಿದ್ದರೆ, ನಾನು ಬೇಕಾದಷ್ಟು ಉಂಡಿದ್ದೇನೆ.

ಸಮ್ಮೇದನನ್ನು ಮಾಡಿಕೋ ಎಂದು ನಾನು ಹೇಳುವುದಿಲ್ಲ. ಬೇಡ ಎಂದೂ ಹೇಳುವುದಿಲ್ಲ. ಭಾನುವಾರಕ್ಕೆ ಮೊದಲು ಒಮ್ಮೆ ನೆರಿಯಕ್ಕೆ ಹೋಗು. ಅವನು ಕೆಲಸದಲ್ಲಿರುವಾಗ ಹೋಗು, ಇಸ್ತ್ರಿ ಅಂಗಿ ಹಾಕಿ ಕೂತಿರುವಾಗ ಅಲ್ಲ. ಜೊತೆಯಲ್ಲಿ ನೀನೂ ಒಂದು ಕೆಲಸ ಹಿಡಿ. ಕೈ ಕೆಲಸದಲ್ಲಿರುವಾಗ ಅವನಿಗೆ ನಿನ್ನ ಹತ್ತಿರ ಮಾತು ಬರುತ್ತದಾ, ನಿನಗೆ ಅವನ ಹತ್ತಿರ ಬರುತ್ತದಾ, ಅಷ್ಟು ನೋಡು. ಬಂದರೆ ಆನೆಗೆ ಹೆದರಬೇಡ. ಬಾರದಿದ್ದರೆ ಅವನಿಗೆ ಅರಮನೆ ಇದ್ದರೂ ಬೇಡ. ಹೂಂ ಆಗಲಿ ಉಹೂಂ ಆಗಲಿ, ಅದು ನಿನ್ನ ಬಾಯಿಂದಲೇ ಬರಲಿ.

ಇಂತಿ, ನಿನ್ನನ್ನು ನೋಡದೆ ತಿಂಗಳಾಯಿತೆಂದು ಸಿಟ್ಟಿರುವ,
ಅಜ್ಜಿ ಅನಂತಮತಿ

ಮರೆತದ್ದು: ಶುಕ್ರವಾರ ಬೆಳಿಗ್ಗೆ ಇದನ್ನು ಬರೆಯುತ್ತಿದ್ದೇನೆ. ನನ್ನ ಪತ್ರಗಳಿಗೆ ವಿಳಾಸ ಬರೆಯುವವರು ನಿನ್ನ ಅಜ್ಜ. ನಿನ್ನೆ ಲಕೋಟೆ ಅಂಟಿಸದೆ ಅವರ ಕೈಗೆ ಕೊಟ್ಟುಬಿಟ್ಟೆ. ಪೂರ್ತಿ ಓದಿದ್ದಾರೆ! ನಾನು ತಲೆ ಎತ್ತಲಾರದೆ ನಿಂತಿದ್ದರೆ, ‘ಎತ್ತಿನ ವಿಷಯ ನನಗೆ ಮೊದಲ ದಿನವೇ ಗೊತ್ತಾಗಿತ್ತು. ಅವು ನನಗೆ ಒಗ್ಗಿದ ಮೇಲೂ ನೀನು ಬರ್ತಿದ್ದಿ, ಅದೂ ಗೊತ್ತಿತ್ತು’ ಎಂದರು. ಹಾಗಾದರೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ‘ಹೇಳಿದ್ದರೆ ನೀನು ಮನೆಯೊಳಗೆ ಕೂರ್ತಿದ್ದಿ. ಮತ್ತೆ ನಾನು ಯಾರ ಹತ್ತಿರ ಮಾತಾಡುವುದು?’ ಎಂದರು. ನಾನು ಅಲ್ಲೇ ಕೂತು ಅತ್ತುಬಿಟ್ಟೆ.

ಈ ಪತ್ರ ಅಂಚೆಯಲ್ಲಿ ಬರುವುದಿಲ್ಲ. ಅವರೇ ಬಸ್ಸಿನಲ್ಲಿ ತರುತ್ತಾರೆ. ಈಗ ಸ್ನಾನಕ್ಕೆ ಹೋಗಿದ್ದಾರೆ. ಶೋಧನ್ ಹತ್ತಿರ ಏನು ಹೇಳ್ತೀರಿ ಎಂದು ಕೇಳಿದರೆ, ‘ಮಗಳು ಹೂಂ ಅಂದರೆ ನೀನು ಅಡ್ಡ ನಿಲ್ಲಬೇಡ ಅಂತ ಹೇಳ್ತೇನೆ. ಕೇಳದಿದ್ದರೆ ಕೇಳುವವರೆಗೆ ಅಲ್ಲೇ ಕೂರ್ತೇನೆ’ ಎನ್ನುತ್ತಾರೆ. ಭಾನುವಾರದವರೆಗೆ ಅಲ್ಲಿಯೇ ಇರುತ್ತಾರಂತೆ. ಹೊತ್ತು ಮುಳುಗುವ ಮೊದಲು ಅವರಿಗೆ ಊಟ ಕೊಡು, ಅಪ್ಪನ ಜೊತೆ ಮಾತಿಗೆ ಕೂತರೆ ಊಟ ಮರೆತುಬಿಡುತ್ತಾರೆ.