ಬಾಗಿಲ ಮೇಲೆ ಉಳಿದ ಹೆಸರು

ಕಾಕಾ,

ಮುಶಿಗೇರಿ ಚರ್ಚಿನ ಬಾಗಿಲ ಒಳಮೈ ಮೇಲೆ ನಿಮ್ಮ ಹೆಸರು ಇನ್ನೂ ಹಾಗೇ ಇದೆ. ಇದನ್ನು ತಿಳಿಸುವುದಕ್ಕೆಂದೇ ಬರೆಯಲು ಕೂತೆ. ನೀವು ಹೋಗಿ ಹನ್ನೊಂದು ತಿಂಗಳಾಯಿತು. ಸೀಮೆಸುಣ್ಣದ ಅಕ್ಷರ ಅಷ್ಟು ದಿನ ಉಳಿಯುತ್ತದೆಯೇ? ಉಳಿದಿದೆ. ನಿಮ್ಮ ‘ದ’ಕಾರದ ಬಾಲ ಕೂಡ ಮಾಸಿಲ್ಲ.

ನೀವು ಹೀಗೆ ಬಾಗಿಲ ಮೇಲೆ ಹೆಸರು ಬರೆಯುವ ಪದ್ಧತಿ ಹಾಕಿದ ದಿನ ನನಗೆ ಚೆನ್ನಾಗಿ ನೆನಪಿದೆ. ನೀವು ನಿವೃತ್ತರಾದ ಮೇಲೆ ನಮಗೆ ಬೇರೆ ಪಾಸ್ಟರು ಸಿಗಲಿಲ್ಲ. ಗದಗಿನ ಪಾಸ್ಟರು ಪ್ರಭುಭೋಜನದ ವಿಧಿಗೆ ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದರು. ಉಳಿದ ರವಿವಾರಗಳಲ್ಲಿ ರೋಣ, ನರೇಗಲ್, ಮುಶಿಗೇರಿ ಅಂತ ನೀವೊಬ್ಬರೇ ದಮ್ಮು ಹಿಡಿದುಕೊಂಡು ಬಸ್ಸಿನಲ್ಲಿ ಸುತ್ತುತ್ತಿದ್ದಿರಿ. ಅದೂ ಆಗದಾದಾಗ ನಮ್ಮ ಮೂವರನ್ನು ಪಡಸಾಲೆಯಲ್ಲಿ ಕೂರಿಸಿಕೊಂಡಿರಿ. ನರೇಗಲ್ಲಿನ ನಿವೃತ್ತ ಕಂಡಕ್ಟರ್ ದಾನಪ್ಪ, ನರ್ಸ್ ಪ್ರೇಮಕ್ಕ, ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ನಾನು. ಇನ್ನು ಮೇಲೆ ನಾವು ನಾಲ್ವರೂ ಹಂಚಿಕೊಂಡು ಆರಾಧನೆ ನಡೆಸಬೇಕು ಅಂದಿರಿ. ಬಂದವರು ಮೊದಲು ಬಾಗಿಲ ಮೇಲಿನ ತಮ್ಮ ಹೆಸರನ್ನು ಹಸಿ ಅರಿವೆಯಿಂದ ಒರೆಸಬೇಕು, ಹೊರಡುವಾಗ ಮುಂದಿನ ವಾರ ಬರುವವರ ಹೆಸರು ಬರೆಯಬೇಕು. ಒಬ್ಬರ ಹೆಸರನ್ನು ಇನ್ನೊಬ್ಬರು ಒರೆಸುವ ಹಾಗಿಲ್ಲ.

“ಬಾಗಲದಾಗ ಹೆಸರ ಇದ್ರ ಆ ಮನಿಷ್ಯಾ ಬರ್ತಾನ ಅಂತ ಅರ್ಥ. ಬರೂದು ಖರೇ ಇಲ್ಲಂದ್ರ ಬರಿಯೂ ಖಡು ಮುಟ್ಟಬ್ಯಾಡ್ರಿ” ಅಂದಿರಿ.

“ಹಂಗಾರ ಟಿಕೀಟ್ ಇದ್ದಂಗ ಆತ್ರಿ ಅಯ್ನಾರ. ಇಳದ ಮ್ಯಾಲ ತನ್ನದ ತಾನ ಹರದ ಒಗೀಬೇಕು” ಅಂದ ದಾನಪ್ಪ. ನೀವು ನಕ್ಕು ನಕ್ಕು ಕೆಮ್ಮಿದಿರಿ. ಆ ಕೆಮ್ಮು ನಿಲ್ಲಲು ಎಷ್ಟು ಹೊತ್ತಾಯಿತು ಎಂಬುದನ್ನು ಅಂದು ಯಾರೂ ಗಮನಿಸಲಿಲ್ಲ.

ಕೊನೆಯ ಸಲ ಮುಶಿಗೇರಿಯಲ್ಲಿ ಆರಾಧನೆ ಮುಗಿಸಿ ನೀವು ನಿಮ್ಮ ಹೆಸರನ್ನೇ ಮತ್ತೆ ಬರೆದಿರಿ. ಮುಂದಿನ ವಾರ ಪ್ರೇಮಕ್ಕನ ಪಾಳಿ ಎಂದು ನಾನು ನೆನಪಿಸಿದರೂ ಕೇಳಲಿಲ್ಲ. ಮಂಗಳವಾರ ನಿಮ್ಮನ್ನು ಗದಗಿನ ದವಾಖಾನೆಗೆ ಸೇರಿಸಿದೆವು. ಬುಧವಾರ ನೀವು ಮೂಗಿನ ನಳಿಕೆ ಸರಿಸಿ, “ಮುಶಿಗೇರಿ ಇನ್ಮ್ಯಾಲ ನಿಂದವ್ವಾ. ಹೂಂ ಅನ್ನು” ಅಂದಿರಿ. ನಾನು ಏನೆಂದೆ? “ನೋಡೋಣ ಕಾಕಾ” ಅಂದೆ. ಗುರುವಾರ ಬೆಳಿಗ್ಗೆ ನೀವು...

ಹೂಂ ಅನ್ನದೇ ಇದ್ದುದಕ್ಕೆ ಕಾರಣ ನಿಮಗೂ ಗೊತ್ತಿತ್ತು. ನಾನು ಕಾನ್ವೆಂಟಿನಲ್ಲಿ ಓದಿದವಳು. ಹಳೆಯ ವೇದಪುಸ್ತಕದ ಕನ್ನಡ ಓದುವಾಗ ಈಗಲೂ ತಡವರಿಸುತ್ತೇನೆ. ಮೊದಲ ಸಲ ಮುಶಿಗೇರಿಯಲ್ಲಿ ಓದಿದಾಗ, ಕಣ್ಣು ಕಾಣದ ಶಾಂತವ್ವ ಕೂತಲ್ಲಿಂದಲೇ ನನ್ನ ತಪ್ಪು ತಿದ್ದಿದಳು. ಆ ಸಭೆಯ ಒಂಬತ್ತು ಜನರ ಮುಂದೆ ನಿಲ್ಲುವಾಗೆಲ್ಲ ಇನ್ನೊಬ್ಬರ ಅಂಗಿ ತೊಟ್ಟು ನಿಂತ ಹಾಗೆ ಅನಿಸುತ್ತಿತ್ತು. ನಿಮ್ಮ ನಂತರವೂ ಪಾಳಿ ಬಂದಾಗ ಹೋಗುತ್ತಿದ್ದೆ, ನಿಮ್ಮ ಹೆಸರಿನ ಕೆಳಗೆ ಬರೆದಿರುತ್ತಿದ್ದ ನನ್ನ ಹೆಸರನ್ನು ಒರೆಸುತ್ತಿದ್ದೆ, ಬೇಗ ಬೇಗ ಮುಗಿಸಿ ಬಸ್ಸು ಹಿಡಿಯುತ್ತಿದ್ದೆ. ನಿಮ್ಮದನ್ನು ಒರೆಸಲು ಬೇರೆ ಯಾರಿಗೂ ಅಧಿಕಾರ ಇರಲಿಲ್ಲ. ಅಧಿಕಾರವಿದ್ದ ನೀವು ಬರುವ ಹಾಗಿರಲಿಲ್ಲ.

ಕಳೆದ ತಿಂಗಳು ಗದಗಿನ ಹಿರಿಯರು ಒಂದು ಮಾತು ಕೇಳಿದರು. ಒಂಬತ್ತು ಜನರಿಗಾಗಿ ಮುಶಿಗೇರಿಯಲ್ಲಿ ಬೇರೆ ಆರಾಧನೆ ಬೇಕೇ, ಅವರನ್ನು ನರೇಗಲ್ಲಿಗೆ ಕೂಡಿಸಿ ಚರ್ಚಿಗೆ ಬೀಗ ಹಾಕಬಹುದೇ ಎಂದು. ಅಭಿಪ್ರಾಯ ಬರೆದುಕೊಡುವ ಕೆಲಸ ನನಗೆ ಬಂತು. ನಾನು ಬರೆದೆ. ಕೂಡಿಸುವುದೇ ಒಳ್ಳೆಯದು ಎಂದು ಒಂದು ಪುಟದಲ್ಲಿ, ಯಾರಿಗೂ ನೋವಾಗದ ಹಾಗೆ. ಅವರ ಅನುಕೂಲಕ್ಕಾಗಿ ಬರೆದೆನೋ, ನನ್ನ ಅನುಕೂಲಕ್ಕಾಗಿಯೋ?

ಅದೇ ವಾರ ಆ ತಪ್ಪಾಯಿತು. ಮುಂದಿನ ರವಿವಾರ ಬರುತ್ತೀಯಾ ಎಂದು ದಾನಪ್ಪ ತನ್ನ ಪಾಳಿಯ ಆರಾಧನೆ ಮುಗಿಸಿ ಮುಶಿಗೇರಿಯಿಂದ ಫೋನು ಮಾಡಿದಾಗ, ಗೆಳತಿಯ ಮನೆಯ ವಾಸ್ತುಶಾಂತಿ ಇದ್ದುದರಿಂದ, ನಾನು ಮತ್ತೆ “ನೋಡೋಣ” ಅಂದೆ. ಖಾತ್ರಿ ಇಲ್ಲದ ಹೆಸರು ಬರೆಯಬಾರದಲ್ಲ? ತನ್ನ ಹೆಸರನ್ನು ಹೋದಾಗಲೇ ಒರೆಸಿದ್ದ ಅವನು ಯಾರದನ್ನೂ ಬರೆಯದೆ ಬಂದ. ನಾನು ಹೋಗಬಹುದು ಎಂದು ಅವನು ತಿಳಿದ, ಅವನು ಪ್ರೇಮಕ್ಕನನ್ನು ಕಳಿಸಬಹುದು ಎಂದು ನಾನು ತಿಳಿದೆ. ಆ ರವಿವಾರ ಮುಶಿಗೇರಿಗೆ ಯಾರೂ ಹೋಗಲಿಲ್ಲ.

ಮಂಗಳವಾರ ಕ್ಷಮೆ ಕೇಳಲು ಫೋನು ಮಾಡಿದೆ. ಶಾಂತವ್ವನ ಸೊಸೆ ಕರುಣವ್ವ ಎತ್ತಿದಳು. ನಾನು ತಪ್ಪಾಯಿತು ಅನ್ನುವಷ್ಟರಲ್ಲಿ ಅವಳು ನಡುವೆಯೇ, “ಆರಾಧನಿ ಚಲೋತ್ನಂಗ ಆತಲ್ರಿ ಅಕ್ಕಾರ” ಅಂದಳು.

“ಯಾರು ನಡಿಸಿದ್ರು?”

ತಿಳಿದೂ ತಿಳಿದೂ ಇದೇನು ಕೇಳುತ್ತಾಳೆ ಎನ್ನುವ ಹಾಗಿತ್ತು ಅವಳ ದನಿ.

“ಬಾಗಲದಾಗ ಹೆಸರ ಇತ್ತಲ್ರಿ” ಅಂದಳು.

ಅದರ ಮುಂದಿನ ರವಿವಾರ ನಾನೇ ಹೋದೆ. ಗದಗಿಗೆ ಕೊಡಬೇಕಾದ ಪತ್ರ ಚೀಲದಲ್ಲಿತ್ತು. ಆರಾಧನೆಯ ನಂತರ ಅವರಿಗೆ ಓದಿ ಹೇಳಿಬಿಡೋಣ ಎಂದುಕೊಂಡಿದ್ದೆ. ನಾಲ್ಕು ಗಂಟೆಯ ಬಿಸಿಲು. ಊರ ಹೊರಗೆ ಕರೆಂಟಿಗಾಗಿ ನಿಲ್ಲಿಸಿದ, ನೀವು ಬೈಯುತ್ತಿದ್ದ ಆ ಗಾಳಿಯಂತ್ರದ ರೆಕ್ಕೆಯ ನೆರಳು ಪಡುವಣ ಕಿಟಕಿಯಿಂದ ಒಳಗೆ ಬಂದು, ಗೋಡೆ ಮೇಲೆ ಹಾದು, ಹೋಗಿ, ಮತ್ತೆ ಹಾಯುತ್ತಿತ್ತು. ಒಂಬತ್ತು ಜನವೂ ಕೂತಿದ್ದರು. ಬಾಗಿಲಲ್ಲಿ ನಿಮ್ಮ ಹೆಸರೊಂದೇ.

ಶುರು ಮಾಡಿದೆ. ದೇವರು ನಿಮ್ಮ ಜೊತೆಗಿರಲಿ ಎಂದು ನಾವು ಅನ್ನಬೇಕು, ನಿಮ್ಮ ಜೊತೆಗೂ ಇರಲಿ ಎಂದು ಅವರು ಉತ್ತರಿಸಬೇಕು. ಹುಟ್ಟಿದಾಗಿನಿಂದ ಅವರು ಹೇಳಿಕೊಂಡು ಬಂದ ಮಾತು. ನಾನು ನನ್ನ ಸಾಲು ಮುಗಿಸಿದೆ. ಯಾರೂ ಉತ್ತರಿಸಲಿಲ್ಲ. ಒಂದು ಉಸಿರು, ಎರಡು ಉಸಿರು. ಆಮೇಲೆ ಒಂಬತ್ತೂ ದನಿ ಒಟ್ಟಿಗೆ ಎದ್ದವು. ನನ್ನ ಹಿಂದಿನ ಪಾಳಿಗಳಲ್ಲಿ ಹೀಗಾಗಿರಲಿಲ್ಲ. ಮುಂದಿನ ಸಾಲಿಗೂ ಹಾಗೇ. ನಾನು ಮುಗಿಸುವುದು, ಎರಡು ಉಸಿರಿನ ಮೌನ, ಆಮೇಲೆ ಉತ್ತರ. ನನ್ನ ಓದು ತಿಳಿಯುತ್ತಿಲ್ಲವೇನೋ ಎಂದು ಗಟ್ಟಿಯಾಗಿ ಹೇಳಿದೆ. ಅವರ ಕಾಯುವಿಕೆ ಬದಲಾಗಲಿಲ್ಲ. ನಾಲ್ಕನೆಯದೋ ಐದನೆಯದೋ ಸಾಲಿಗೆ ನನಗೆ ಹೊಳೆಯಿತು ಕಾಕಾ. ದಮ್ಮಿನಿಂದಾಗಿ ಸಾಲಿನ ನಡುವೆ ನೀವು ಎರಡು ಸಲ ನಿಲ್ಲುತ್ತಿದ್ದಿರಿ. ನನ್ನ ಸಾಲು ಎಂದೋ ಮುಗಿದಿತ್ತು. ಅವರು ಕಾಯುತ್ತಿದ್ದದ್ದು ನಿಮ್ಮ ಸಾಲು ಮುಗಿಯಲಿ ಎಂದು.

ಅಂದರೆ ಹಿಂದಿನ ವಾರ, ಎದುರಿಗೆ ಯಾರೂ ಇಲ್ಲದೆ, ಪ್ರತಿಯೊಂದು ಸಾಲಿಗೂ ಅಷ್ಟಷ್ಟು ಜಾಗ ಬಿಟ್ಟು, ಅವರು ಇಡೀ ಆರಾಧನೆಗೆ ಉತ್ತರ ಹೇಳಿದ್ದರು. ನಾನು ಓದು ನಿಧಾನ ಮಾಡಿದೆ. ಅವರ ಜೊತೆ ನಾನೂ ಕಾದೆ. ಆ ಮೌನದಲ್ಲಿ ಏನಾದರೂ ಕೇಳಿಸಿತೇ ಎಂದು ಪ್ರೇಮಕ್ಕ ಆಮೇಲೆ ವಿಚಾರಿಸಿದಳು. ಇಲ್ಲ ಅಂದೆ. ನಿಮಗೂ ಹಾಗೇ ಹೇಳಲೇ?

ಮುಗಿದ ಮೇಲೆ ಇದು ಹೀಗೇ ನಡೆಯಬಾರದು ಅನಿಸಿತು. ಪತ್ರ ಓದುವ ಮೊದಲು ನಿಮ್ಮ ಹೆಸರನ್ನು ಒರೆಸಿಬಿಡಬೇಕು ಎಂದು ಕಿಟಕಿಯ ಮೇಲಿದ್ದ ಅರಿವೆಯನ್ನು ನೀರಿನಲ್ಲಿ ಅದ್ದಿ ಬಾಗಿಲ ಹತ್ತಿರ ನಿಂತೆ. ನೀರು ಹನಿಯುವ ಸದ್ದು ಶಾಂತವ್ವನಿಗೆ ಕೇಳಿಸಿರಬೇಕು.

“ಅದನ್ನ ಒರಸಬ್ಯಾಡವ್ವಾ. ಅವರ ಬಂದ ಒರಸ್ತಾರ.”

“ಯಾವಾಗ ಶಾಂತವ್ವಾ?”

“ಹ್ವಾದ ಐತಾರನ ಒರಸಬೇಕಿತ್ತು” ಅಂದಳು, ಮನೆಯವರ ಬಗ್ಗೆ ದೂರು ಹೇಳುವಷ್ಟು ಸಲೀಸಾಗಿ. “ಮರತ ಹ್ವಾದ್ರು. ಈಗೀಗ ಅವರಿಗೆ ಮರವು ಭಾಳ ಆಗೇತಿ.”

ಯಾರೂ ನಗಲಿಲ್ಲ. ಹೌದು ಎನ್ನುವ ಹಾಗೆ ಕರುಣವ್ವ ತಲೆಯಾಡಿಸಿದಳು. ಆಮೇಲೆ ಶಾಂತವ್ವ ನನ್ನ ಕಡೆ ಮುಖ ತಿರುಗಿಸಿ, “ನಿಂದರ ಬರದ ಹೋಗ. ಮುಂದಿನ ವಾರ ಅವರಿಗೆ ದಮ್ಮ ಹತ್ತಿದ್ರ ಯಾರರ ಬೇಕಲ್ಲ” ಅಂದಳು.

ನಾನು ಪತ್ರ ಓದಲಿಲ್ಲ ಕಾಕಾ. ಅದು ಗದಗಿಗೂ ಹೋಗಲಿಲ್ಲ. ಅದರ ಬದಲು ಬೇರೊಂದು ಬರೆದು ಕಳಿಸಿದೆ, ಎರಡೇ ಸಾಲು. ಮುಶಿಗೇರಿಯಲ್ಲಿ ಆರಾಧನೆ ಒಂದು ರವಿವಾರವೂ ತಪ್ಪಿಲ್ಲ, ಆ ಸಭೆಯ ಜವಾಬ್ದಾರಿ ನನ್ನದು ಎಂದು. ಮೊದಲ ಸಾಲು ಸುಳ್ಳೋ ಏನೋ, ಎಷ್ಟು ಯೋಚಿಸಿದರೂ ಬಗೆಹರಿದಿಲ್ಲ. ಎರಡನೆಯದು ಸುಳ್ಳಾಗದ ಹಾಗೆ ನೋಡಿಕೊಳ್ಳುವುದು ನನ್ನ ಕೈಯಲ್ಲಿದೆ.

ದವಾಖಾನೆಯಲ್ಲಿ ನೀವು ಕೇಳಿದ ಮಾತಿಗೆ ಉತ್ತರ ಬಾಕಿ ಇತ್ತು. ಹೂಂ, ಕಾಕಾ. ನಿಮ್ಮ ಹೆಸರಿನ ಕೆಳಗೆ ನನ್ನದನ್ನು ಬರೆದು ಬಂದಿದ್ದೇನೆ. ಈ ರವಿವಾರ ನಾಲ್ಕಕ್ಕೆ ಅಲ್ಲಿರುತ್ತೇನೆ. ಪ್ರತಿ ಸಾಲಿನ ಕೊನೆಗೆ ನಿಮಗೆ ಬೇಕಾದಷ್ಟು ಹೊತ್ತು ಕಾಯುತ್ತೇನೆ. ನನಗಿಂತ ಮೊದಲು ನೀವೇ ಬಂದರೆ ನಿಮ್ಮ ಹೆಸರನ್ನು ಒರೆಸಿಕೊಳ್ಳಿ. ನನ್ನದನ್ನು ಮುಟ್ಟಬೇಡಿ. ಅರಿವೆ ಕಿಟಕಿಯ ಮೇಲಿದೆ. ಹಸಿಯಾಗಿಯೇ ಇರಲಿ ಎಂದು ದಿನಾ ನೀರು ಹಾಕಲು ಕರುಣವ್ವನಿಗೆ ಹೇಳಿದ್ದೇನೆ.