ಇಳಿಜಾರಿನ ಹುಲ್ಲು ಸತ್ತಿರಲಿಲ್ಲ

ಕೊಲ್ರೇನ್, ವಿಕ್ಟೋರಿಯಾ
ಏಪ್ರಿಲ್, ಭಾನುವಾರ ಮಧ್ಯಾಹ್ನ

ನನ್ನ ಕ್ಲೆಮ್,

ಮಳೆ ಬಂತು ಮಾರಾಯ! ಬಂದು ವಾರವೇ ಆಯಿತು. ಅಂದೇ ಬರೆಯಬೇಕಿತ್ತು, ಕೈ ತಡೆದುಕೊಂಡೆ. ನಮ್ಮ ಇಳಿಜಾರು ಏನು ಹೇಳುತ್ತದೋ ನೋಡಿಯೇ ಬರೆಯೋಣ ಎಂದು ಕಾದೆ. ಗುಡುಗು ಸಿಡಿಲಿನ ಆರ್ಭಟವಿಲ್ಲದೆ ಹಗಲೆಲ್ಲ ಒಂದೇ ಸಮನೆ ಸುರಿಯಿತು. ತಗಡಿನ ಮೇಲೆ ಆ ಸದ್ದು ಕೇಳುತ್ತ ಒಲೆ ಮುಂದೆ ಕೂತು ಹೋ ಎಂದು ಅತ್ತೆ.

ಕುರಿಗಳನ್ನು ಹೊಡೆದುಕೊಂಡು ನೀನು ಉತ್ತರದ ರಸ್ತೆ ಹಿಡಿದಾಗ ಕ್ರಿಸ್‌ಮಸ್ ಕೂಡ ಬಂದಿರಲಿಲ್ಲ. "ರಸ್ತೆ ಬದೀಲಿ ಸರ್ಕಾರದ ಹುಲ್ಲು ಇದ್ದೇ ಇದೆ, ಮೇಯಿಸ್ಕೊಂಡು ಹೋಗ್ತಾ ಇರ್ತೀನಿ. ನಮ್ಮ ಇಳಿಜಾರಿಗೆ ಮಾತ್ರ ಒಂದು ಗೊರಸೂ ಬೀಳ್ಬಾರ್ದು ಮೇವಿಸ್" ಅಂದೆ. ನಾನು ದೊಡ್ಡ ಧೈರ್ಯವಂತೆಯ ಹಾಗೆ ತಲೆಯಾಡಿಸಿದೆ. ನೀನು ತಿರುವು ದಾಟಿದ ಮೇಲೆ ಮನೆಯೊಳಗೆ ಬಂದು ಎರಡು ಲೋಟ ಚಹಾ ಮಾಡಿದೆ. ಆ ಪೆದ್ದುತನ ಇನ್ನೂ ನಿಂತಿಲ್ಲ.

ಜನವರಿಯ ಸುಡುಬೇಸಿಗೆಗೆ ಇಳಿಜಾರಿನ ನಮ್ಮ ಫಲಾರಿಸ್ ಹುಲ್ಲೆಲ್ಲ ಬೂದು ಬಣ್ಣಕ್ಕೆ ತಿರುಗಿತು. ಮುಟ್ಟಿದರೆ ಪುಡಿ. ಪಕ್ಕದ ಹೊರೇಸ್ ಗೇಟಿಗೆ ಒರಗಿ ನಿಂತು, "ಇದು ಸತ್ತು ಎಷ್ಟು ದಿನ ಆಯ್ತೋ ತಾಯಿ. ಟ್ರ್ಯಾಕ್ಟರ್ ತಂದು ಉತ್ತುಬಿಡ್ತೀನಿ, ಓಟ್ಸ್ ಹಾಕು" ಅಂದ. "ನಿಮ್ಮ ತಲೇನೂ ಹೊರಗಿಂದ ಹೀಗೇ ಕಾಣ್ಸುತ್ತೆ, ಅದನ್ನ ಯಾರಾದ್ರೂ ಉಳ್ತಾರಾ?" ಅಂದೆ. ಬೋಳುತಲೆ ಸವರಿಕೊಂಡು ನಗುತ್ತ ಹೋದ, ಒಳ್ಳೆಯವನೇ.

ಬಾಯಲ್ಲಿ ಹಾಗಂದರೂ ನನಗೇ ನಂಬಿಕೆ ಇರಲಿಲ್ಲ. ನಿನ್ನ ಹಳೇ ಚಾಕು ತೆಗೆದುಕೊಂಡು ಹೋಗಿ ಒಂದು ಬುಡ ಕೆದಕಿದೆ. ಮಣ್ಣಿನೊಳಗೆ ಪುಟ್ಟ ಈರುಳ್ಳಿಯಂಥ ಗೆಡ್ಡೆ, ಉಗುರು ಊರಿದರೆ ಬೆಳ್ಳಗೆ, ಹಸಿಯಾಗಿತ್ತು. ಮೇಲಿನ ಗರಿಗಳನ್ನು ಒಣಗಲು ಬಿಟ್ಟು, ಇದ್ದಬದ್ದ ಸತ್ವವನ್ನೆಲ್ಲ ಬುಡದಲ್ಲಿ ಬಚ್ಚಿಟ್ಟುಕೊಂಡು, ಒಂದೊಂದು ಬೇರನ್ನು ಕೆಳಗಿನ ಜೇಡಿಮಣ್ಣಿನ ತೇವಕ್ಕೆ ಇಳಿಸಿಕೊಂಡು ಮಲಗಿತ್ತು ಕಿಲಾಡಿ!

ಫೆಬ್ರವರಿಯಲ್ಲೊಮ್ಮೆ ಗುಡುಗಿ ಮಳೆ ಬಿತ್ತು. ರಸ್ತೆಯಂಚಿನ ಕಳೆಯೆಲ್ಲ ಹಸಿರಾಗಿ ಎದ್ದಿತು. ನಮ್ಮ ಹುಲ್ಲು ಕಣ್ಣೇ ತೆರೆಯಲಿಲ್ಲ. "ಏಳೇ ಮಹಾರಾಯ್ತಿ, ಮಳೆ ಬಂದಿದೆ!" ಎಂದು ಗೇಟಿನ ಬಳಿ ನಿಂತು ಬೈದೆ. ಮತ್ತೆ ಬಿಸಿಲು ಕಾಯಿತು, ಎದ್ದ ಕಳೆಯೆಲ್ಲ ಸುಟ್ಟುಹೋಯಿತು. ಬೇಸಿಗೆಯ ಮಳೆಯನ್ನು ನಂಬಬಾರದೆಂದು ಅದಕ್ಕೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ನಮ್ಮ ಮದುವೆಯಾದ ವರ್ಷದ ಬರ ನೆನಪಿದೆಯಾ? ಆಗಲೂ ನೀನು ರಸ್ತೆಯಲ್ಲಿದ್ದೆ. ಮೊದಲ ಹಸಿರು ಕಂಡಿತು ಎಂದು ಯಾರೋ ಹೇಳಿದ್ದೇ ತಡ, ಕುರಿಗಳನ್ನು ದಡದಡ ಓಡಿಸಿಕೊಂಡು ಬಂದುಬಿಟ್ಟೆ. ಗಡ್ಡದ ತುಂಬ ಧೂಳು, ಕಣ್ಣ ತುಂಬ ನಗು. ಬೇಸಿಗೆಯಿಡೀ ಬಚ್ಚಿಟ್ಟಿದ್ದೆಲ್ಲವನ್ನೂ ಹುಲ್ಲು ಆ ಎಳೆ ಚಿಗುರಿಗೆ ಸುರಿದಿತ್ತು, ಕುರಿಗಳು ನುಣ್ಣಗೆ ಸವರಿದವು. ಮತ್ತೆ ಚಿಗುರಲು ಬುಡದಲ್ಲಿ ಏನೂ ಉಳಿದಿರಲಿಲ್ಲ. ಚಳಿಗಾಲಕ್ಕೆ ಇಳಿಜಾರಿನ ತುಂಬ ಮುಳ್ಳುಗಿಡ. "ಹೆಂಡ್ತಿ ಮುಖ ನೋಡೋ ಆತುರಕ್ಕೆ ಹುಲ್ಲು ಕೊಂದ ಗಂಡು" ಎಂದು ಹೋಟೆಲಿನಲ್ಲಿ ಎಲ್ಲರೂ ನಿನ್ನನ್ನು ಆಡಿಕೊಂಡರು. ನೀನೂ ನಕ್ಕೆ, ಆದರೆ ಕಿವಿ ಕೆಂಪಾಗಿತ್ತು. ನನಗಂತೂ ಒಳಗೊಳಗೇ ಜಂಬ, ಸುಳ್ಳೇಕೆ ಹೇಳಲಿ.

ಆಮೇಲೆ ಇಬ್ಬರೂ ಚಳಿಯಲ್ಲಿ ಬಗ್ಗಿ ಬಗ್ಗಿ ಬಿತ್ತಿದ ಹುಲ್ಲು ಇದು. ಇದೂ ಹೋದರೆ ಕುರಿ ಮಾರಬೇಕು. ನೀನು ವರ್ಷವಿಡೀ ಯಾರದೋ ಕೊಟ್ಟಿಗೆಗಳಲ್ಲಿ ಉಣ್ಣೆ ಕತ್ತರಿಸುತ್ತ ಊರೂರು ಅಲೆಯಬೇಕು. ಈ ಒಂದು ಬೇಸಿಗೆಗೇ ನಾನು ಹೀಗಾಗಿದ್ದೇನೆ, ವರ್ಷವಿಡೀ ನನ್ನಿಂದಾಗದು ಕ್ಲೆಮ್.

ಇವತ್ತು ಬೆಳಿಗ್ಗೆ ಹೋಗಿ ನೋಡಿದರೆ, ಬೂದು ಕಡ್ಡಿಗಳ ನಡುವೆ ಸೂಜಿಯಂಥ ಹಸಿರು! ಇಳಿಜಾರಿನ ಉದ್ದಕ್ಕೂ! ಅಲ್ಲೇ ಒದ್ದೆಯಲ್ಲಿ ಕೂತು ನಿನ್ನ ಹೆಸರು ಕೂಗಿದೆ. ಕಾಂಗರೂಗಳಿಗೂ ಸುದ್ದಿ ಮುಟ್ಟಿದೆ. ಇನ್ನು ಸಂಜೆಯಾದರೆ ಪಾತ್ರೆಯ ಮುಚ್ಚಳ ಬಡಿಯುತ್ತ ಅವನ್ನು ಓಡಿಸುವುದೇ ಕೆಲಸ, ಇಲ್ಲದಿದ್ದರೆ ನಾನೇ ನಿನ್ನ ಹತ್ತಿರ ಬಂದುಬಿಡುತ್ತಿದ್ದೆ.

ನನಗೆ ಗೊತ್ತು, ದಕ್ಷಿಣದ ಮೋಡ ನೋಡಿ ನೀನು ಆಗಲೇ ಕುರಿಗಳ ಮುಖ ಈ ಕಡೆ ತಿರುಗಿಸಿರುತ್ತೀಯ. ಬೇಡ. ಬರಬೇಡ ಕ್ಲೆಮ್. ಈ ಮಾತು ಬರೆಯಲು ಎಷ್ಟು ಹೊತ್ತು ಹಿಡಿಯಿತೆಂದು ಕೇಳಬೇಡ. ಗೂಟಕ್ಕೆ ನೇತುಹಾಕಿದ ನಿನ್ನ ಅಂಗಿಯಲ್ಲಿ ಕುರಿ ಉಣ್ಣೆಯ ವಾಸನೆ ಕೂಡ ತೆಳುವಾಗುತ್ತ ಬಂದಿದೆ. ಆದರೂ ಬರಬೇಡ. ಗರಿ ಗೇಣುದ್ದವಾಗಲಿ, ಬೇರು ಹೊಸದಾಗಿ ಕಚ್ಚಿಕೊಳ್ಳಲಿ. ಕುರಿ ಕಚ್ಚಿ ಎಳೆದ ಹಾಗೆ ಹುಲ್ಲನ್ನು ಹಿಡಿದು ಎಳೆದರೆ ಗರಿ ಹರಿಯಬೇಕು, ಬುಡ ಅಲುಗಬಾರದು, ಅಂತ ನೀನೇ ತಾನೆ ಕಲಿಸಿದ್ದು? ದಿನಾ ಬೆಳಿಗ್ಗೆ ಹೋಗಿ ಎಳೆದು ನೋಡುತ್ತೇನೆ. ಬುಡ ಅಲುಗದ ದಿನ ಟೆಲಿಗ್ರಾಂ ಕಳಿಸುತ್ತೇನೆ, ಒಂದೇ ಪದ: ಬಾ.

ನೀನಿರುವ ದಾರಿಯಲ್ಲಿ ಮೇವು ಸಿಗಲಿ, ಸಿಹಿನೀರು ಸಿಗಲಿ, ನಾಯಿಗಳ ಕಾಲು ಗಟ್ಟಿಯಾಗಿರಲಿ, ದೇವರು ನಿನ್ನನ್ನು ಇಡಿಯಾಗಿ ನನ್ನ ಗೇಟಿಗೆ ತಂದು ಮುಟ್ಟಿಸಲಿ.

ಎರಡು ಲೋಟ ಇಟ್ಟುಕೊಂಡು ಕೂತಿರುವ
ನಿನ್ನ ಮೇವಿಸ್

ಮರೆತೆ: ಇವತ್ತೇ ಒಂದನ್ನು ಎಳೆದು ನೋಡಿದೆ. ಬುಡಸಮೇತ ಕೈಗೆ ಬಂತು. ಅದನ್ನು ಮತ್ತೆ ಮಣ್ಣಿಗೆ ಒತ್ತಿ, ಗೇಟು ಹಾಕಿಕೊಂಡು ಬಂದೆ.