ಕಾರಣಕ್ಕೆ ಜಾಗವಿಲ್ಲದ ಪಟ್ಟಿ

ಇಳಕಲ್, ಫೆಬ್ರವರಿ ೩೦, ೨೧೪೯

ಮಕ್ಕಳ ನಡವಳಿಕೆಯನ್ನು ಅಂಕಿಗಳಲ್ಲಿ ದಾಖಲಿಸಲು ಈಗಷ್ಟೇ ಶುರುಮಾಡಿರುವ ಗುರುಗಳಿಗೆ, ನಾಲ್ಕನೇ ತರಗತಿಯ ಶಿಕ್ಷಕಿ ನೀಲಾಂಬಿಕೆ ಹೂಗಾರಳ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ; ನಿಮ್ಮ ಮುಂದಿನ ಈ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಕೆಲವು ಪದಗಳೂ ವಿಚಿತ್ರವೆನಿಸಬಹುದು, ಮನ್ನಿಸಿ.

ನಮ್ಮ ಪ್ರತಿ ತರಗತಿಯ ಗೋಡೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಯಂತ್ರವಿದೆ. ಅದನ್ನು ನೋಟಗಣ್ಣು ಎನ್ನುತ್ತೇವೆ. ಯಾವ ಮಗು ಎಷ್ಟು ಸಲ ಅತ್ತಿತ್ತ ನೋಡಿತು, ಎಷ್ಟು ಸಲ ಎದ್ದಿತು, ಎಷ್ಟು ತಡವಾಗಿ ಉತ್ತರ ಕೊಟ್ಟಿತು ಎಂದೆಲ್ಲ ಎಣಿಸಿ, ಸಂಜೆಗೆ ಒಂದು ಸಂಖ್ಯೆ ಕೊಡುತ್ತದೆ. ಅದೇ ನಡೆಯಂಕ. ನಲವತ್ತಕ್ಕಿಂತ ಕೆಳಗೆ ಇಳಿದ ಮಗುವನ್ನು ದೂರದ ತಿದ್ದುಶಾಲೆಯಲ್ಲಿ ಎರಡು ವರ್ಷ ಇಡುತ್ತಾರೆ.

ಒಂಬತ್ತು ವರ್ಷದ ಇಂದುಮತಿ ಬಡಿಗೇರ ನನ್ನ ವಿದ್ಯಾರ್ಥಿನಿಯಾಗಿದ್ದಳು. ಬಾಯಿ ತುಂಬ ಮಾತಾಡುವ ಹುಡುಗಿ. ಐದೇ ವಾರದಲ್ಲಿ ಅವಳ ನಡೆಯಂಕ ಎಂಬತ್ತೊಂದರಿಂದ ಮೂವತ್ತೇಳಕ್ಕೆ ಬಿತ್ತು. ನಾನು ದಿನದಿನದ ಅಂಕಿಗಳನ್ನು ಹರವಿಕೊಂಡು ಕೂತೆ. ಅವಳನ್ನು ಎಡಗೋಡೆಯ ಪಕ್ಕದ ಸಾಲಿಗೆ, ಪಾಠವೆಲ್ಲ ಬಲಗಡೆಯಿಂದಲೇ ಕೇಳಬೇಕಾದ ಜಾಗಕ್ಕೆ, ಕೂರಿಸಿದ ದಿನದಿಂದಲೇ ಕುಸಿತ ಶುರುವಾಗಿತ್ತು. ಮರುದಿನ ಅವಳ ಬಲಕ್ಕೆ ನಿಂತು ಮೆಲ್ಲಗೆ ಹೆಸರು ಕರೆದೆ. ಅವಳು ತಿರುಗಲಿಲ್ಲ. ಎಡಕ್ಕೆ ಬಂದು ಕರೆದೆ. ತಿರುಗಿ ನಕ್ಕಳು.

ಮುಖ್ಯಗುರು ರಾಚಪ್ಪನವರ ಬಳಿ ಓಡಿದೆ. "ಸರ್, ಆ ಹುಡುಗಿಗೆ ಬಲಗಿವಿ ಕೇಳಿಸವಲ್ದು. ಪಾಠ ತಿಳೀಲಿಲ್ಲಂತ ಪಕ್ಕದವರ ಮಾರಿ ನೋಡ್ತಾಳ, ಅಷ್ಟ."

ಅವರು ತಿದ್ದುಶಾಲೆಗೆ ಕಳಿಸುವವರ ಪಟ್ಟಿ ತೆಗೆದು ಅವಳ ಹೆಸರಿನ ಮೇಲೆ ಬೆರಳಿಟ್ಟರು. "ನೀವು ಹೇಳೂದು ಖರೆ ಐತ್ರಿ. ಆದ್ರ ಎಲ್ಲಿ ಬರೀಲಿ? ಇದರಾಗ ಕಾರಣಕ್ಕ ಜಾಗಾನ ಇಲ್ಲ."

ಕಿವಿ ವೈದ್ಯರ ವರದಿಗೆ ಇಪ್ಪತ್ತು ದಿನ ಬೇಕಿತ್ತು. ತಿದ್ದುಶಾಲೆಯ ವಾಹನ ಮೂರನೇ ದಿನಕ್ಕೇ ಬರುವುದಿತ್ತು. ಆ ಎರಡು ದಿನ ನೋಟಗಣ್ಣಿಗೆ ಅವಳು ಕಾಣದಂತೆ ನಾನೇ ಅಡ್ಡ ನಿಂತು ಪಾಠ ಮಾಡಿದೆ. ಅದು ಅವಳನ್ನು ಗೈರುಹಾಜರು ಎಂದು ಎಣಿಸಿತು. ಅಂಕ ಇನ್ನೂ ಇಳಿಯಿತು.

ವಾಹನ ಹತ್ತುವಾಗ ಅವಳು ನನ್ನ ಸೆರಗು ಹಿಡಿದು, "ಟೀಚರ್, ನಾ ಏನ್ ತಪ್ಪ ಮಾಡೀನ್ರಿ?" ಎಂದಳು. "ಏನೂ ಇಲ್ಲವ್ವ" ಎಂದೆ. ಗಡಿಬಿಡಿಯಲ್ಲಿ ಅವಳ ಬಲಕ್ಕೆ ನಿಂತಿದ್ದೆ. ಅವಳು ಉತ್ತರಕ್ಕಾಗಿ ಇನ್ನೂ ಕಾಯುತ್ತಿರುವಾಗಲೇ ಬಾಗಿಲು ಮುಚ್ಚಿತು.

ಎರಡು ವರ್ಷ ಮುಗಿಸಿ, ಹೋದ ತಿಂಗಳು ಅವಳು ಮರಳಿದ್ದಾಳೆ. ನಡೆಯಂಕ ತೊಂಬತ್ತಾರು. ಮಾದರಿ ವಿದ್ಯಾರ್ಥಿನಿಯೆಂದು ಶಾಲೆಯಲ್ಲಿ ಅವಳ ಚಿತ್ರ ತೂಗುಹಾಕಿದ್ದಾರೆ. ಅವಳ ತಾಯಿ ನನ್ನೆದುರು ಅತ್ತಳು: "ಕುಂತ್ರ ಕುಂತಲ್ಲೇ ಇರ್ತಾಳ್ರಿ. ಬಾಯಾರಿದ್ರೂ ನೀರು ಕೇಳೂದಿಲ್ಲ."

ಅಂಕಿಗಳನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಅವಳ ಕಿವಿಯ ಸುಳಿವು ನನಗೆ ಸಿಕ್ಕಿದ್ದು ಅವುಗಳಲ್ಲೇ. ಆದರೆ ಅವು ಕೇಳಿದ ಪ್ರಶ್ನೆಯನ್ನು ನಾವು ತೀರ್ಪು ಎಂದುಕೊಂಡೆವು. ನಿಮ್ಮ ಪಟ್ಟಿಗಳನ್ನು ಇನ್ನೂ ನೀವೇ ಬರೆಯುತ್ತಿದ್ದೀರಿ. ದಯವಿಟ್ಟು, ಕೈಮುಗಿದು ಬೇಡುತ್ತೇನೆ, ಪ್ರತಿ ಮಗುವಿನ ಹೆಸರಿನ ಮುಂದೆ 'ಯಾಕೆ' ಎಂದು ಬರೆಯಲು ಜಾಗವಿಡಿ. ಅದು ಖಾಲಿ ಇರುವವರೆಗೆ ಯಾವ ಮಗುವನ್ನೂ ಎಲ್ಲಿಗೂ ಕಳಿಸಬೇಡಿ.

ಸೋಮವಾರ ತಿದ್ದುಶಾಲೆಗೆ ಕಳಿಸುವವರ ಪಟ್ಟಿ ಬಂದಿದೆ. ನನ್ನ ತರಗತಿಯ ಮೂವರ ಹೆಸರಿದೆ. ಯಾಕೆಂದು ಮೂವರನ್ನೂ ಕೇಳಿದೆ. ಮೂವರೂ ಹೇಳಿದರು. ಅದನ್ನು ಎಲ್ಲಿ ಬರೆಯಲಿ?